ಗೊಂಬೆ, ಆ್ಯಪ್, ಮೈದಾನ: ದೇಹದ ಪಾಠಕ್ಕೆ ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈದಾನಕ್ಕೆ. ಒಂದು ಸೀಟಿ, ಒಂದು ಸ್ಟಾಪ್‌ವಾಚ್, ಒಂದಿಷ್ಟು ಸುಣ್ಣದ ಪುಡಿ, ಇಪ್ಪತ್ತು ಅಡಿ ಹಗ್ಗ. ಇಷ್ಟು ತಿಳಿಯೋಕೆ ಶಾಲೆಯ 3,200 ರೂಪಾಯಿ ಆ್ಯಪ್‌ಗೆ ಸುರಿದಾಯಿತು.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಪಿಟಿ ಮಾಸ್ತರ. ವಿಜ್ಞಾನದ ಮೇಡಂ ವರ್ಗವಾಗಿ ಹೋದರು, ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. "ನೀವು ಹೆಂಗೂ ಮೈಕೈ ಮಾಸ್ತರ ಅಲ್ರೀ, ಈ ಉಸಿರಾಟ, ರಕ್ತದ ಪಾಠ ನೀವ ಮಾಡ್ರಿ" ಅಂದರು ಹೆಡ್ ಮಾಸ್ತರು. ಆಯ್ತು ಅಂದೆ.

ಶಾಲೆಯಲ್ಲಿ ಮೊದಲಿಂದ ಇದ್ದದ್ದು ಪ್ಲಾಸ್ಟಿಕ್ ಗೊಂಬೆ. ತಲೆಯಿಂದ ಸೊಂಟದವರೆಗೆ ಇರುತ್ತದಲ್ಲ, ಹೊಟ್ಟೆ ತೆರೆದರೆ ಒಂದೊಂದೇ ಅಂಗ ಹೊರಗೆ ಬರುತ್ತದೆ, ಅದು. ನಮ್ಮದರಲ್ಲಿ ಜಠರವೇ ಕಳೆದುಹೋಗಿದೆ. ಉಳಿದದ್ದು ಚೆನ್ನಾಗಿಯೇ ಇದೆ. ಬಲ ಪುಪ್ಪುಸಕ್ಕೆ (ಶ್ವಾಸಕೋಶಕ್ಕೆ) ಮೂರು ಹಾಲೆ, ಅಂದರೆ ಮೂರು ಭಾಗ, ಎಡದ್ದಕ್ಕೆ ಎರಡೇ ಅನ್ನೋದನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ಒಂದೇ ತೊಂದರೆ, ಗೊಂಬೆ ನಮಗೆ ಎದುರಾಗಿ ನಿಂತಿರುತ್ತದೆ. ಹಾಗಾಗಿ ಅದರ ಎಡ ನಮ್ಮ ಬಲ. ಹೃದಯ ಎಲ್ಲಿದೆ ಅಂದರೆ ಅರ್ಧ ತರಗತಿ ಬಲ ಎದೆ ಮುಟ್ಟಿಕೊಳ್ಳುತ್ತದೆ.

ಇನ್ನು ಆ್ಯಪ್. ಅದರ ಜೊತೆ ಒಂದು ಚಿತ್ರದ ಟೀ ಶರ್ಟ್ ಬರುತ್ತದೆ. ಅದನ್ನು ಹಾಕಿಕೊಂಡವರ ಎದೆಗೆ ಮೊಬೈಲ್ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಹೃದಯ, ಪುಪ್ಪುಸ, ಕರುಳು ಎಲ್ಲ ಕಾಣುತ್ತವೆ. ಮನೆಯಲ್ಲಿ ಮಗನಿಗೆ ಹಾಕಿ ನೋಡಿದೆ, ಸುಳ್ಳು ಹೇಳಬಾರದು, ನಾನೇ ಬಾಯಿ ಬಿಟ್ಟು ನೋಡಿದೆ.

ಶಾಲೆಯಲ್ಲಿ ಕಥೆ ಬೇರೆ. ಬಿಲ್ಲು ಶಾಲೆಯ ಹೆಸರಿಗೆ ಅಂತ ಹೆಡ್ ಮಾಸ್ತರ ನಂಬರ್ ಕೊಟ್ಟಿದ್ದೆವು. ಆ್ಯಪ್ ಒಂದು ಸಲಕ್ಕೆ ಒಂದೇ ಮೊಬೈಲಿನಲ್ಲಿ ನಡೆಯುತ್ತದೆ. ನಾನು ತೆರೆದರೆ ಅವರ ಮೊಬೈಲಿನಲ್ಲಿ ಬಂದ್, ಅವರು ಸುಮ್ನೆ ಒಂದು ಸಲ ಒತ್ತಿ ನೋಡಿದರೆ ನನ್ನದು ಬಂದ್. ಪ್ರತಿ ಸಲ ತೆರೆಯೋಕೆ ಓಟಿಪಿ ಬೇಕು, ಆ ಓಟಿಪಿ ಹೋಗೋದು ಹೆಡ್ ಮಾಸ್ತರಿಗೆ. ಅವರು ಮೀಟಿಂಗ್‌ನಲ್ಲಿದ್ದರೆ ಫೋನ್ ಎತ್ತೋದಿಲ್ಲ. ಎತ್ತಿದರೂ ಕನ್ನಡಕ ಹುಡುಕಿ, ಮೆಸೇಜ್ ತೆರೆದು, "ಬರಕೋರಿ" ಅನ್ನೋ ಹೊತ್ತಿಗೆ ಅದರ ಎರಡು ನಿಮಿಷ ಮುಗಿದಿರುತ್ತದೆ.

ಒಂದು ದಿನ ಅವರು ಶಾಲೆಯಲ್ಲೇ ಇದ್ದರು. ನಾವು ಮೈದಾನದ ಆ ತುದಿಯ ಬೇವಿನ ಮರದ ಕೆಳಗೆ, ಯಾಕಂದರೆ ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಅಲ್ಲೇ. ಒಬ್ಬ ಹುಡುಗನನ್ನು ಆಫೀಸಿಗೆ ಓಡಿಸಿದೆ. ಅವನು ನಂಬರ್ ಬಾಯಿಪಾಠ ಮಾಡುತ್ತಾ ಓಡಿ ಬಂದ. ಆರು ಅಂಕಿಯಲ್ಲಿ ಐದು ಹೇಳಿದ, ಆರನೆಯದು ಮರೆತಿದ್ದ. ಮತ್ತೆ ಓಡಿದ. ಈ ಸಲ ಆರೂ ತಂದ, ಆದರೆ ಅದು ಹಳೆಯದಾಗಿತ್ತು. ಮೂರನೇ ಸಲ ಬಂದವನೇ ಮೊಣಕಾಲಿಗೆ ಕೈ ಊರಿ, "ಸರ್, ಎದಿ ಡಬಡಬ ಹೊಡ್ಯಾಕತ್ತೈತ್ರಿ" ಅಂದ.

ಕೈ ಕೊಡು ಅಂದೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿದೆ. 38. ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ 152. ಅಲ್ಲಿ ಕೂತಿದ್ದವರಿಗೆಲ್ಲ ತಮ್ಮ ತಮ್ಮದು ಎಣಿಸಿಕೊಳ್ಳಿ ಅಂದೆ, ಹೆಚ್ಚಿನವರದು 80ರಿಂದ 90. ಮೊಬೈಲ್ ಜೇಬಿಗೆ ಹಾಕಿದೆ. ಆಮೇಲೆ ಆ ಪಾಠಕ್ಕೆ ಅದನ್ನು ಹೊರಗೆ ತೆಗೆದಿಲ್ಲ.

ಈಗ ಶನಿವಾರ ಮುಂಜಾನೆ ಶಾಲೆ ಇದ್ದಾಗ, ಬಿಸಿಲು ಏರುವ ಮೊದಲು, ಇದನ್ನೇ ಮಾಡುತ್ತೇವೆ. ಕೂತಾಗ ಒಂದು ಸಲ, ಒಂದು ಸುತ್ತು ಓಡಿ ಒಂದು ಸಲ, ಎರಡು ನಿಮಿಷ ಬಿಟ್ಟು ಇನ್ನೊಂದು ಸಲ ಎಣಿಸಿ ನೋಟಿಗೆ ಬರೆಯುವುದು. ಮೊದಲ ವಾರ ಕೆಲವರ ಲೆಕ್ಕ ಏನೇನೋ ಬಂತು. ನೋಡಿದರೆ ಗೆಳೆಯನ ನಾಡಿಯನ್ನು ಹೆಬ್ಬೆರಳಿಂದ ಹಿಡಿದಿದ್ದರು. ಹೆಬ್ಬೆರಳಿಗೇ ಜೋರು ಮಿಡಿತ ಇರುತ್ತದೆ, ಅವರು ಎಣಿಸಿದ್ದು ತಮ್ಮದೇ ನಾಡಿ! ಸೈಕ್ಲಿಂಗ್ ಪ್ರಾಕ್ಟೀಸ್ ಮಾಡುವ ಒಬ್ಬ ಹುಡುಗಿಯದು ಕೂತಾಗ 64 ಬಂತು. ತಪ್ಪು ಎಣಿಸಿದ್ದೀ ಅಂತ ಎಲ್ಲರೂ ಅವಳ ಮೇಲೆ ಬಿದ್ದರು. ದಿನಾ ಪೆಡಲ್ ತುಳಿದವರ ಹೃದಯ ಒಂದು ಹೊಡೆತಕ್ಕೆ ಜಾಸ್ತಿ ರಕ್ತ ತಳ್ಳುತ್ತದೆ, ಅದಕ್ಕೇ ಕಮ್ಮಿ ಹೊಡೆದರೂ ಸಾಕು ಅಂತ ಹೇಳಿದೆ. ಮರುವಾರ ಮೂವರು ಅಪ್ಪನ ಸೈಕಲ್ ಏರಿ ಶಾಲೆಗೆ ಬಂದರು.

ಎದೆಬಡಿತ ಕೇಳೋಕೆ ಕಾಗದದ ಸುರುಳಿ. 1816ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಲೆನೆಕ್ ಹೆಣ್ಣುಮಗಳ ಎದೆಗೆ ಕಿವಿ ಇಡಲು ಸಂಕೋಚಪಟ್ಟು ಕಾಗದ ಸುತ್ತಿಕೊಂಡಿದ್ದ, ಸ್ಟೆತಸ್ಕೋಪ್ ಶುರುವಾಗಿದ್ದು ಹಾಗೆ. ನಮ್ಮ ಹುಡುಗಿಯರಿಗೂ ಅದೇ ಸಂಕೋಚ. ಅವರವರೇ ಜೋಡಿ ಮಾಡಿಕೊಂಡು, ಹಳೇ ಕ್ಯಾಲೆಂಡರ್ ಹಾಳೆ ಸುತ್ತಿ ಕೇಳಿಸಿಕೊಂಡರು.

ಇಪ್ಪತ್ತು ಅಡಿ ಹಗ್ಗ ಸಣ್ಣ ಕರುಳಿಗೆ. ಸುಮಾರು ಆರು ಮೀಟರ್ ಅಂತ ಪುಸ್ತಕದಲ್ಲಿ ಓದೋದು ಬೇರೆ, ಅಷ್ಟನ್ನೂ ಸುತ್ತಿ ಒಬ್ಬನ ಅಂಗಿಯೊಳಗೆ ತುರುಕೋದು ಬೇರೆ.

ಕಣ್ಣು ಕಂಡದ್ದಕ್ಕೆ ಕೈ ಎಷ್ಟು ಬೇಗ ಓಗೊಡುತ್ತದೆ ಅಂತ ನೋಡೋಕೆ ಸ್ಕೇಲ್ ಬಿಟ್ಟು ಹಿಡಿಯುವ ಆಟ, ಅದಕ್ಕೆ ಕಬಡ್ಡಿ ಹುಡುಗರೇ ಮುಂದು. 20 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ ಸುಮಾರು 0.2 ಸೆಕೆಂಡ್.

ಮೈದಾನದಲ್ಲಿ ಆಗದ್ದೂ ಇದೆ. ಮೂತ್ರಪಿಂಡ, ಯಕೃತ್ತು ಎಲ್ಲಿ ಕೂತಿವೆ ಅಂತ ಹಗ್ಗದಲ್ಲಿ ತೋರಿಸೋಕಾಗಲ್ಲ. ಅದಕ್ಕೆ ಗೊಂಬೆಯೇ ಬೇಕು. ಈಗ ಅದರ ಬೆನ್ನು ಮಕ್ಕಳ ಕಡೆ ಬರುವ ಹಾಗೆ ನಿಲ್ಲಿಸಿ ಮೊದಲು ಎಡ-ಬಲ ಕೇಳುತ್ತೇನೆ, ಆಮೇಲೆ ತಿರುಗಿಸುತ್ತೇನೆ. ಗೊಂದಲ ಕಮ್ಮಿಯಾಗಿದೆ. ಕುರಿಯ ಪುಪ್ಪುಸ ತಂದು ತೋರಿಸಲೇ ಅಂತಲೂ ಕೇಳಿದ್ದೆ. ಶಾಲೆಯೊಳಗೆ ಅದೊಂದು ಬೇಡ ಅಂದರು, ಬಿಟ್ಟೆ.

ಮನೆಯಲ್ಲಿ ಒಂದೇ ಮಗು, ಒಂದೇ ಮೊಬೈಲ್, ಒಳ್ಳೆ ನೆಟ್‌ವರ್ಕ್ ಇದ್ದರೆ ಆ್ಯಪ್ ತೊಗೊಳ್ಳಿ, ಖುಷಿಯಾಗುತ್ತದೆ. ನನ್ನ ಹತ್ತಿರ ಇರೋದು 42 ಮಕ್ಕಳು, ಒಂದು ಬೇವಿನ ಮರ.

ಚಂದಾ ಮಾರ್ಚ್‌ಗೆ ಮುಗಿಯುತ್ತದೆ. ಮುಂದುವರಿಸೋಣೇನ್ರಿ ಅಂತ ಹೆಡ್ ಮಾಸ್ತರು ಮೊನ್ನೆ ಕೇಳಿದರು. ಬ್ಯಾಡ್ರಿ ಸರ್, ಆ ರೊಕ್ಕಕ್ಕ ನಾಕು ಸ್ಟಾಪ್‌ವಾಚ್ ಬರ್ತಾವ ಅಂದೆ.

"ಅವಕ್ಕ ಓಟಿಪಿ ಬೇಕೇನ್ರಿ?" ಅಂದರು.