ಮಲೆನಾಡ ಮಳೆಗೆ ಯಾವುದು ಸರಿ: ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಕೊಪ್ಪೆ, ರೈನ್‌ಕೋಟ್, ಜಾಕೆಟ್

ಮೂಡಿಗೆರೆ ಕಡೆ ಆರಿದ್ರಾ ಮಳೆ ಸರಿಯಾಗಿ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ಬಿಡುವು ಕಡಿಮೆ. ಆದರೆ ಕಪ್ಪೆ ನೋಡಬೇಕು, ಹಳ್ಳದ ಪಕ್ಕ ಕೂತು ಮಲಬಾರ್ ಸಿಳ್ಳೆಹಕ್ಕಿಯ ಹಾಡು ಕೇಳಬೇಕು ಅಂದರೆ ಹೋಗಬೇಕಾದದ್ದು ಈ ತಿಂಗಳುಗಳಲ್ಲೇ. ಹಾಗಾಗಿ ತಲೆಯಿಂದ ಬೆನ್ನಿಗೆ ಇಳಿಬಿಡುವ ಎರಡು ಬಗೆಯ ಕೊಪ್ಪೆ, ರೈನ್‌ಕೋಟ್, ಜಾಕೆಟ್, ಹೀಗೆ ಮಳೆಗೆ ಹೊದೆಯುವ ನಾಲ್ಕು ಬಗೆಯನ್ನೂ ಒಂದೇ ಜಾಗಗಳಲ್ಲಿ, ಅಂದರೆ ತೋಟದ ದಾರಿ, ಹಳ್ಳದ ದಂಡೆ, ಆಮೇಲೆ ಗುಡ್ಡದ ನೆತ್ತಿಯಲ್ಲಿ ಹಾಕಿ ನೋಡಿದ್ದೇನೆ.

ಹಿಂದೆ ಮಳೆಯಲ್ಲಿ ಶಿಕಾರಿಗೆ ಹೋಗುತ್ತಿದ್ದವರ ಲೆಕ್ಕವೂ ಇದೇ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ತಡೆ ಬಿತ್ತು, ಬಿದ್ದದ್ದು ಒಳ್ಳೆಯದೇ ಆಯಿತು. ಆದರೆ ಕಾಡಂಚಿನಲ್ಲಿ ಸದ್ದಿಲ್ಲದೆ ಕೂತು ಕಾಯುವವನಿಗೆ ಬೇಕಾದದ್ದು ಬದಲಾಗಿಲ್ಲ. ಬಟ್ಟೆ ಸದ್ದು ಮಾಡಬಾರದು, ಕಿವಿಗೆ ಅಡ್ಡ ಬರಬಾರದು, ಒದ್ದೆಯಾದರೂ ಚಳಿ ಹಿಡಿಯಬಾರದು. ಪೂರ್ತಿ ಒಣಗಿರಬೇಕು ಅನ್ನುವ ಆಸೆ ಮಾತ್ರ ಬಿಟ್ಟುಬಿಡಿ. ನಮ್ಮ ಮಳೆಯಲ್ಲಿ ಹೊರಗಿನಿಂದ ನೆನೆಯದಿದ್ದರೆ ಒಳಗಿನಿಂದ ಬೆವರಿ ನೆನೆಯುತ್ತೇವೆ. ಬಟ್ಟೆ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಮೊದಲು ಜಾಕೆಟ್ ವಿಷಯ, ಯಾಕೆಂದರೆ ಜಾಸ್ತಿ ದುಡ್ಡು ಹೋಗುವುದು ಅದಕ್ಕೇ. ಅಂಗಡಿಯಲ್ಲಿ 5,000 ಮಿ.ಮೀ., 10,000 ಮಿ.ಮೀ. ಅಂತ ಚೀಟಿ ಇರುತ್ತದೆ. 10,000 ಅಂದರೆ ಹತ್ತು ಮೀಟರ್ ಎತ್ತರದ ನೀರಿನ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಅಂತ. ಅದರಲ್ಲಿ ಮೋಸವಿಲ್ಲ, ಮಳೆ ನಿಜಕ್ಕೂ ಒಳಗೆ ಬರುವುದಿಲ್ಲ. ತೊಂದರೆ ಇರುವುದು 'ಉಸಿರಾಡುವ ಬಟ್ಟೆ' ಅನ್ನುವ ಕಡೆ. ಬೆವರಿನ ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗೆ ತೇವ ಕಡಿಮೆ ಇರಬೇಕು. ಚಳಿ ದೇಶದಲ್ಲಿ ಹಾಗೆ ಇರುತ್ತದೆ, ಅಲ್ಲಿ ಜಾಕೆಟ್ ಕೆಲಸ ಮಾಡುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಇನ್ನು ಆವಿ ಎಲ್ಲಿಗೆ ಹೋಗಬೇಕು? ತೋಟದ ಏರು ಹತ್ತುವಷ್ಟರಲ್ಲಿ ಒಳಗಿನ ಅಂಗಿ ಬೆನ್ನಿಗೆ ಅಂಟಿರುತ್ತದೆ. ಮೇಲ್ಪದರದ ನೀರು ಜಾರಿಸುವ ಲೇಪ ಸವೆದು ಬಟ್ಟೆ ನೀರು ಹೀರಿಕೊಂಡರೆ ಉಸಿರಾಟ ಇನ್ನೂ ಕೆಡುತ್ತದೆ.

ಬೈನಾಕ್ಯುಲರ್ ಎತ್ತಿ ಹಿಡಿಯುವವರು ತೋಳಿನ ತುದಿಯನ್ನೂ ನೋಡಿ ಕೊಳ್ಳಬೇಕು. ಕೈ ಎತ್ತಿದ ಕೂಡಲೇ ಅಂಗೈ ಮೇಲಿನ ನೀರು ಮಣಿಕಟ್ಟು ದಾಟಿ ತೋಳಿನೊಳಗೆ ಇಳಿದು ಮೊಣಕೈ ಹತ್ತಿರ ನಿಲ್ಲುತ್ತದೆ. ಬಿಗಿಯಾಗುವ ಪಟ್ಟಿ ಇಲ್ಲದಿದ್ದರೆ ಎಷ್ಟು ಬೆಲೆಯ ಜಾಕೆಟ್ ಆದರೂ ಇದು ತಪ್ಪಿದ್ದಲ್ಲ.

ಆದರೂ ಜಾಕೆಟ್ ಗೆಲ್ಲುವ ಜಾಗ ಒಂದಿದೆ: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನ ಬೋಳು ನೆತ್ತಿ. ಅಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಹೊಡೆಯುತ್ತದೆ. ಕೊಡೆ ಮಗುಚುತ್ತದೆ, ಕೊಪ್ಪೆ ಹಾರುತ್ತದೆ. ಗಾಳಿ ತಡೆಯುವುದಕ್ಕೆ ಮೈಗೆ ಕಚ್ಚಿಕೊಂಡ ಜಾಕೆಟ್ಟೇ ಬೇಕು.

ಸ್ಕೂಟರ್‌ನಲ್ಲಿ ಹೋಗುವವರು ಹಾಕುವ ರಬ್ಬರ್ ಲೇಪದ ರೈನ್‌ಕೋಟ್ ಬೈಕಿಗಷ್ಟೇ ಸರಿ. ನಡೆದರೆ ಒಳಗೆ ಬೇಯುತ್ತೀರಿ.

ಪ್ಲಾಸ್ಟಿಕ್ ಕೊಪ್ಪೆ ಅಗ್ಗ, ಹಗುರ, ಕೆಳಗಡೆ ತೆರೆದಿರುವುದರಿಂದ ಗಾಳಿಯಾಡುತ್ತದೆ. ಚರಂಡಿ ಬಿಡಿಸುವ, ಗೊಬ್ಬರ ಹಾಕುವ ಕೆಲಸಕ್ಕೆ ತೋಟಗಳಲ್ಲಿ ಅದೇ ನಡೆಯುವುದು ಸುಮ್ನೆ ಅಲ್ಲ. ಆದರೆ ಹಕ್ಕಿ ನೋಡಲು ಆಗದು. ತಲೆ ತಿರುಗಿಸಿದರೆ ಚರಚರ, ಮಳೆ ಬಿದ್ದರೆ ಪಟಪಟ, ಆ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಸಕಲೇಶಪುರ, ಆಲೂರು ಕಡೆಯವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ? ಅಲ್ಲಿ ಕಾಫಿ ಗಿಡದ ನಡುವೆಯೇ ಆನೆ ನಿಂತಿರುತ್ತದೆ. ಕೊಂಬೆ ಮುರಿದ ಸದ್ದು ಸಮಯಕ್ಕೆ ಕಿವಿಗೆ ಬೀಳಲೇಬೇಕು. ಜಾಕೆಟ್ಟಿನ ಟೋಪಿಗೂ ಇದೇ ಮಾತು. ನಾನು ತೋಟದೊಳಗೆ ಟೋಪಿ ಇಳಿಸಿ ಅಗಲ ಅಂಚಿನ ಹ್ಯಾಟ್ ಹಾಕುತ್ತೇನೆ. ತಲೆ ಸ್ವಲ್ಪ ನೆನೆದರೂ ಕಿವಿ ತೆರೆದಿರುತ್ತದೆ.

ಇನ್ನು ಕಂಬಳಿ ಕೊಪ್ಪೆ. ಕೂತು ಕಾಯುವವರಿಗೆ ಇದರ ಮುಂದೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಚಳ್ಳಕೆರೆ ಕಡೆಯ ದಪ್ಪ ಕರಿ ಕಂಬಳಿ ಆದರೆ ಒಳ್ಳೆಯದು. ಹತ್ತಿರದಿಂದ ನೋಡಿದರೆ ಹನಿಗಳು ಮೊದಲು ಉಣ್ಣೆಯ ರೋಮದ ತುದಿಯಲ್ಲೇ ನಿಲ್ಲುತ್ತವೆ, ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಆಮೇಲೆ ಬೆನ್ನಿನ ಮೇಲೆ ಜಾರಿ ಹಿಂದಿನ ಅಂಚಿನಿಂದ ತೊಟ್ಟಿಕ್ಕುತ್ತವೆ. ಮಳೆಯ ಸದ್ದನ್ನು ಕಂಬಳಿ ನುಂಗಿಬಿಡುತ್ತದೆ. ಕಾಲ ಕಳೆದಂತೆ ನೀರು ಕುಡಿಯುತ್ತದೆ ನಿಜ, ಆದರೆ ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಒಳಗೆ ಬೆಚ್ಚಗೇ ಇರುತ್ತದೆ. ಕೊರತೆ ಅಂದರೆ ಭಾರ. ಪುಷ್ಯ ಮಳೆಯಲ್ಲಿ ಅರ್ಧ ದಿನ ನೆನೆದ ಕಂಬಳಿ ಹೊತ್ತು ಏರು ಹತ್ತಿದರೆ ಕುತ್ತಿಗೆ ಹಿಡಿಯುತ್ತದೆ. ಪೊದೆಯಲ್ಲಿ ನುಗ್ಗಿದರೆ ಮುಳ್ಳೆಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನಡೆಯುವಾಗ ಕೊಡೆ ಹಿಡಿದು, ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೊತ್ತುಕೊಂಡು ಹೋಗಿ, ಕೂರುವ ಜಾಗ ಸಿಕ್ಕಿದ ಮೇಲೆ ಹೊದೆಯುವುದು ನನಗೆ ಸರಿಹೋಗಿದೆ.

ಮೇಲಿನದಕ್ಕಿಂತ ಒಳಗಿನ ಪದರ ಮುಖ್ಯ. ಹತ್ತಿ ಬನಿಯನ್ ಬೇಡವೇ ಬೇಡ. ನೆನೆದ ಹತ್ತಿ ಮೈಗೆ ಅಂಟಿ ಬಿಸಿ ಕದಿಯುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ನಡೆಯುವಷ್ಟು ಹೊತ್ತು ಗೊತ್ತಾಗುವುದಿಲ್ಲ, ಕೂತ ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತದೆ. ಅದರ ಬದಲು ಆಟಗಾರರು ಹಾಕುವ ತೆಳು ಪಾಲಿಯೆಸ್ಟರ್ ಜೆರ್ಸಿ ಸಾಕು. ಹಿಂಡಿ ಕೊಡವಿದರೆ ಅರ್ಧ ಒಣಗಿರುತ್ತದೆ. ನಡುವಿನ ಪದರಕ್ಕೆ ಹಳೆ ಉಣ್ಣೆ ಸ್ವೆಟರ್ ಅಥವಾ ತೆಳು ಫ್ಲೀಸ್, ಆದರೆ ಇದನ್ನು ನಡೆಯುವಾಗ ಹಾಕಬೇಡಿ, ಚೀಲದಲ್ಲಿ ಒಣಗಿರಲಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ನಿಮ್ಮ ಬಟ್ಟೆ ಸರಿಯಾಗಿದೆ ಅಂತ ಅರ್ಥ.

ಕಾಲಿಗೆ ಜೀನ್ಸ್ ಎಲ್ಲಕ್ಕಿಂತ ಕೆಟ್ಟದ್ದು. ನೈಲಾನ್ ಪ್ಯಾಂಟ್ ಹಾಕಿ, ಇಂಬಳ (ಕಾಡಿನ ಜಿಗಣೆ) ತಡೆಯುವ, ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲ ಎಳೆದು ಮೊಣಕಾಲಿನ ಕೆಳಗೆ ದಾರ ಕಟ್ಟಿ. ಬರೀ ಉಪ್ಪು ಹಚ್ಚಿದರೆ ಮಳೆಗೆ ತೊಳೆದುಹೋಗುತ್ತದೆ. ಗಂಬೂಟು ಕೆಸರಿಗೆ, ತೋಟದ ಕೆಲಸಕ್ಕೆ ಒಳ್ಳೆಯದು, ಆದರೆ ಮೇಲೆ ಬಾಯಿ ತೆರೆದಿರುವುದರಿಂದ ಇಂಬಳ ಹತ್ತಿ ಒಳಗೆ ಇಳಿಯುತ್ತದೆ. ಹಳ್ಳದ ಬಂಡೆ ಮೇಲಂತೂ ಜಾರುತ್ತದೆ. ಬಂಡೆಗೆ ನೀರು ಸೋರಿಹೋಗುವ ಕ್ಯಾನ್ವಾಸ್ ಶೂ ವಾಸಿ.

ಒಣಗಿಸುವುದನ್ನೂ ನೋಡಿಕೊಂಡೇ ಕೊಳ್ಳಿ. ಕಂಬಳಿಯನ್ನು ಬಚ್ಚಲು ಒಲೆಯ ಮೇಲ್ಗಡೆ ಹರವಿದರೆ ಬೆಳಿಗ್ಗೆಗೆ ಹದವಾಗಿರುತ್ತದೆ, ಒಂದಿಷ್ಟು ಹೊಗೆ ವಾಸನೆ ಬರುತ್ತದೆ ಅಷ್ಟೆ. ಜಾಕೆಟ್ಟನ್ನು ಅಲ್ಲಿ ಹಾಕಿದರೆ ಲೇಪ ಸುಟ್ಟು ಸುಕ್ಕಾಗುತ್ತದೆ. ಅದನ್ನು ಮೆದು ಸೋಪಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಳಚೀಟಿಯಲ್ಲಿ ಇಸ್ತ್ರಿ ಮಾಡಬಹುದು ಅಂತ ಇದ್ದರೆ ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಆಡಿಸಿ. ನೀರು ಮತ್ತೆ ಹನಿಯಾಗಿ ಜಾರಲು ಶುರುವಾಗುತ್ತದೆ. ಆಗಲೂ ಜಾರದಿದ್ದರೆ ಲೇಪದ ಸ್ಪ್ರೇ ಹೊಡೆಯುವ ಹೊತ್ತಾಗಿದೆ.