ವೋಟರ್ ಐಡಿ ವಿಳಾಸ ಬದಲಾಯಿಸುವ ಮುಂಚೆ ಇದನ್ನು ಓದಿ

ಹೋದ ತಿಂಗಳು ದಾವಣಗೆರೆಯಿಂದ ಮೈಸೂರಿಗೆ ಮನೆ ಬದಲಾಯಿಸಿದೆವು. ಪಾತ್ರೆಗಳು ಇನ್ನೂ ಗೋಣಿಚೀಲದಲ್ಲೇ ಇದ್ದವು. ರಾತ್ರಿ ಸುಸ್ತಾಗಿ ಕೂತು, ವೋಟರ್ ಐಡಿ ವಿಳಾಸ ಬದಲಾವಣೆ ಅಂತ ಮೊಬೈಲ್‌ನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದ ಲಿಂಕ್ ಒತ್ತಿದೆ. ಅದರ ಪಕ್ಕ ಸಣ್ಣಕ್ಷರದಲ್ಲಿ 'ಸ್ಪಾನ್ಸರ್ಡ್' ಅಂತ ಇದ್ದದ್ದು ಕಣ್ಣಿಗೆ ಬೀಳಲಿಲ್ಲ.

ಪುಟದಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿ. ಮೂಲೆಯಲ್ಲಿ ಸಿಂಹದ ಲಾಂಛನ. ಆಧಾರ್‌ನ ಎರಡೂ ಬದಿಯ ಫೋಟೋ, ಬಾಡಿಗೆ ಕರಾರು ಪತ್ರ, ಎಲ್ಲಾ ಕೇಳಿತು. ಎಲ್ಲಾ ಕೊಟ್ಟೆ. ಕೊನೆಗೆ 'ಪ್ರೊಸೆಸಿಂಗ್ ಫೀ' 499 ರೂಪಾಯಿ. ಯುಪಿಐನಲ್ಲಿ ಕಟ್ಟುವಾಗ ಪರದೆ ಮೇಲೆ ಬಂದದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು. ಸರ್ಕಾರಕ್ಕೆ ಕಟ್ಟುವ ದುಡ್ಡು ಒಬ್ಬರ ಖಾತೆಗೆ ಯಾಕೆ ಹೋಗುತ್ತೆ ಅಲ್ವಾ? ಪಿನ್ ಒತ್ತುವ ಮುಂಚೆ ಅದು ನನಗೆ ಹೊಳೆಯಲೇ ಇಲ್ಲ.

ಹತ್ತು ದಿನ ಕಾದರೂ ಒಂದು ಮೆಸೇಜ್ ಬರಲಿಲ್ಲ. ನಮ್ಮ ಬೂತ್‌ನ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಪಕ್ಕದ ಬೀದಿಯ ಅಂಗನವಾಡಿ ಟೀಚರ್. ಅವರನ್ನು ಕೇಳಿದೆ. "ಅಯ್ಯೋ, ದುಡ್ಡು ಯಾಕೆ ಕಟ್ಟಿದ್ರಿ? ಫಾರಂ 8 ತುಂಬಿ ಕೊಟ್ರೆ ಆಯ್ತು, ಒಂದು ಪೈಸೆನೂ ಇಲ್ಲ" ಅಂದರು. ನನ್ನ ಮೊಬೈಲ್ ಇಸಿದುಕೊಂಡು ಸೈಟಿನ ವಿಳಾಸದ ಮೇಲೆ ಬೆರಳಿಟ್ಟು ತೋರಿಸಿದರು. ಮೋಸಗಾರರು ನಡುವೆ ಒಂದು ಗೆರೆ ಹಾಕಿ 'ಗವ್' ಅಂತ ಸೇರಿಸಿದ್ದರು, ಆದರೆ ಕೊನೆಗೆ ಇದ್ದದ್ದು 'ಡಾಟ್ ಆರ್ಗ್'. ಅಸಲಿ ಸೈಟ್ 'ವೋಟರ್ಸ್ ಡಾಟ್ ಇಸಿಐ ಡಾಟ್ ಗವ್ ಡಾಟ್ ಇನ್'. 'ಡಾಟ್ ಗವ್ ಡಾಟ್ ಇನ್' ಅನ್ನುವ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತೆ. ಅದಕ್ಕೇ ವಿಳಾಸವನ್ನು ಕೊನೆಯಿಂದ ಓದಿ. ಅನುಮಾನ ಬಂದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

499 ಹೋದದ್ದಕ್ಕಿಂತ ನನ್ನ ಆಧಾರ್ ಫೋಟೋ ಯಾರ ಕೈಯಲ್ಲಿದೆಯೋ ಅನ್ನುವ ಭಯವೇ ಜಾಸ್ತಿ. ಅವತ್ತೇ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಟ್ಟೆ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿದೆ. ಹತ್ತು ದಿನ ಸುಮ್ನೆ ಕಾಯಬಾರದಿತ್ತು. ದುಡ್ಡು ಹೋದ ತಕ್ಷಣ ದೂರು ಕೊಟ್ಟರೆ ತಡೆಹಿಡಿಯುವ ಅವಕಾಶ ಇರುತ್ತೆ.

ಮನೆ ಬದಲಾಯಿಸಿದವರು ಪಾಸ್‌ಪೋರ್ಟ್ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಅಲ್ಲಿ ಸರ್ಕಾರವೇ ಫೀ ತಗೊಳ್ಳುತ್ತೆ, ಹಾಗಾಗಿ ದುಡ್ಡು ಕೇಳಿದರೂ ಅನುಮಾನ ಬರಲ್ಲ. ಪಾಸ್‌ಪೋರ್ಟ್ ಹೆಸರಿನ ನಕಲಿ ಸೈಟ್‌ಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ.

ಅಪ್ಪನ ವಿಳಾಸವೂ ಬದಲಾಗಬೇಕಿತ್ತು. ಅವರ ಫಾರಂ 8 ಅನ್ನು ಟೀಚರ್ ಎದುರಿಗೇ ಕೂತು ತುಂಬಿ, ಅವರ ಕೈಗೇ ಕೊಟ್ಟು ಬಂದೆ.