ಲೇಹ್‌ಗೆ ಇಳಿದ ಮರುದಿನವೇ ತ್ಸೋ ಕಾರ್ ಸರೋವರಕ್ಕೆ ಹೋಗಬೇಡಿ

ಪುಣೆಯಿಂದ ಲಡಾಖ್‌ಗೆ ಹೊರಟಿರುವ ಕನ್ನಡದವರು, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು, ದಯವಿಟ್ಟು ಇದನ್ನು ಓದಿ.

ಇಲ್ಲಿನ ಒಬ್ಬ ಏಜೆಂಟ್ ಹತ್ತಿರ ಐದು ದಿನದ ಪ್ಯಾಕೇಜ್ ತಗೊಂಡೆವು. ಧಾರವಾಡ ಕಡೆಯವರು, ಕನ್ನಡದಲ್ಲೇ ಮಾತಾಡಿದರು. ನಮ್ಮ ಮಂದಿ ಅಂತ ನಂಬಿದೆವು. ಎರಡನೇ ದಿನಕ್ಕೇ ತ್ಸೋ ಕಾರ್ ಇಟ್ಟಿದ್ದರು, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ಅವ್ವನಿಗೆ 64 ವರ್ಷ, ತೊಂದರೆ ಆಗಲ್ವಾ ಎಂದು ಕೇಳಿದೆ. "ಏನೂ ಆಗಂಗಿಲ್ರಿ ಸರ್, ಕರ್ಪೂರ ಮೂಸಿಸ್ರಿ, ಗಾಡಿಯಾಗ ಆಕ್ಸಿಜನ್ ಇರ್ತೈತಿ" ಅಂದರು.

ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಲೇಹ್ ಸುಮಾರು 3,500. ಮರುದಿನ ಬೆಳಿಗ್ಗೆ ಉಪ್ಶಿ, ರುಮ್ತ್ಸೆ ದಾಟಿ ಟಗ್ಲಾಂಗ್ ಲಾ ಘಾಟಿ ಹತ್ತಿದೆವು, 5,328 ಮೀಟರ್. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧದಷ್ಟು ಮಾತ್ರ. ಚಿಪ್ಸ್ ಪೊಟ್ಟಣ ದಿಂಬಿನ ಹಾಗೆ ಊದಿಕೊಂಡಿತ್ತು. ಮಕ್ಕಳು ಅದನ್ನು ಹಿಡಿದು ನಗುತ್ತಿದ್ದರು. ಅವ್ವ ಮಾತ್ರ ಕಿಟಕಿಗೆ ತಲೆ ಒತ್ತಿಕೊಂಡು ಕೂತಿದ್ದಳು.

ತ್ಸೋ ಕಾರ್ ಚೆಂದ ಇದೆ, ಸುಳ್ಳು ಹೇಳಲ್ಲ. ಸುತ್ತ ಬೋಳು ಬೆಟ್ಟ, ದಂಡೆಯುದ್ದಕ್ಕೂ ಬಿಳಿ ಉಪ್ಪು. ಚಾಂಗ್ಪಾ ಕುರಿಗಾಹಿಗಳು ಹಿಂದೆ ಇಲ್ಲಿಂದಲೇ ಉಪ್ಪು ಒಯ್ದು ಮಾರುತ್ತಿದ್ದರಂತೆ. ಆದರೆ ಆ ಬಿಳುಪು ಬರೀ ಮೇಲಿನ ಪದರ, ಕೆಳಗೆ ಕೆಸರು. ಫೋಟೋಗೆಂದು ಹತ್ತು ಹೆಜ್ಜೆ ಹೋದೆ, ಕಾಲು ಮೀನಖಂಡದವರೆಗೆ ಹೂತಿತು. ಕಿತ್ತುಕೊಂಡು ಬರುವಷ್ಟರಲ್ಲಿ ಅವ್ವ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಗಾಡಿಯಿಂದ ಇಳಿಸಿದರೆ ನೆಟ್ಟಗೆ ನಿಲ್ಲಲಾಗದೆ ಎಡಕ್ಕೆ ವಾಲುತ್ತಿದ್ದಳು. ಸ್ವೆಟರ್ ಗುಂಡಿ ಹಾಕಿಕೊಳ್ಳಲು ಬೆರಳು ಕೇಳುತ್ತಿರಲಿಲ್ಲ. "ತಮ್ಮಾ, ಮನಿಗೆ ಹೋಗೂಣು" ಅಂದಳು.

ಏಜೆಂಟ್ ಹೇಳಿದ ಆಕ್ಸಿಜನ್ ಅಂದರೆ ಒಂದು ಸಣ್ಣ ಸ್ಪ್ರೇ ಡಬ್ಬಿ. ಕೆಲವೇ ನಿಮಿಷಕ್ಕೆ ಖಾಲಿ. ಮೊಬೈಲ್‌ಗೆ ಸಿಗ್ನಲ್ ಇಲ್ಲ.

ನನಗೆ ಗೊತ್ತಿಲ್ಲದೇ ಇದ್ದ ಸಂಗತಿ, ನಿಮಗೆ ಗೊತ್ತಿರಲೇಬೇಕು. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗೆ ಇಳಿಯುವುದು. ತ್ಸೋ ಕಾರ್ ಇರುವುದೇ ಸುಮಾರು 4,500 ಮೀಟರ್ ಎತ್ತರದಲ್ಲಿ, ಘಾಟಿಯ ಆಚೆ. ಲೇಹ್‌ಗೆ ಇಳಿಯಬೇಕಾದರೆ ಮೊದಲು ಮತ್ತೆ ಟಗ್ಲಾಂಗ್ ಲಾ ಹತ್ತಬೇಕು. ಇನ್ನೊಂದು ದಾರಿ ಹಿಡಿದು ಮಾಹೆ ಕಡೆ ತಿರುಗಿದರೂ ಪೊಲೊಕೊಂಕಾ ಲಾ ಎಂಬ ಘಾಟಿ ಅಡ್ಡ ಇದೆ. ಕಾಯಿಲೆ ಬಿದ್ದವರನ್ನು ಇನ್ನೂ ಮೇಲಕ್ಕೆ ಒಯ್ಯದೆ ದಾರಿಯೇ ಇಲ್ಲ. ಆ ಏರು ಮುಗಿಯುವವರೆಗೆ ನಾನು ಅವ್ವನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಾ ಕೂತಿದ್ದೆ.

ರಾತ್ರಿ ಲೇಹ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಮೆದುಳಿಗೆ ಬಾವು ಬರುವ ಲಕ್ಷಣ, ತಡ ಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್. ಕರ್ಪೂರದ ಪುಡಿಕೆ ಇನ್ನೂ ಅವ್ವನ ಕೈಯಲ್ಲೇ ಇತ್ತು. ಅದರಿಂದ ರಕ್ತದಲ್ಲಿ ಆಮ್ಲಜನಕ ಏರುವುದಿಲ್ಲ.

ವಿಮಾನ ಇಳಿದ ಮೇಲೆ ಕನಿಷ್ಠ ಎರಡು ದಿನ ಲೇಹ್‌ನಲ್ಲೇ ಸುಮ್ನೆ ಇರಿ. ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ತಲೆನೋವು ಶುರುವಾದರೆ ಅಲ್ಲಿಂದಲೇ ತಿರುಗಿ, ದುಡ್ಡು ಹೋದರೆ ಹೋಗಲಿ.

ಅವ್ವ ಈಗ ಆರಾಮಾಗಿದ್ದಾಳೆ. ಏಜೆಂಟ್‌ಗೆ ಎಲ್ಲಾ ಬಿಡಿಸಿ ಹೇಳಿದ್ದೇನೆ. ಆದರೂ ನಿನ್ನೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಅವರ ಹೊಸ ಪಟ್ಟಿ ಬಂದಿದೆ. ಎರಡನೇ ದಿನ, ತ್ಸೋ ಕಾರ್ ಎಂದೇ ಇದೆ.